ವ್ರತವೂ ಕರಾರೂ

ನಾಡಿಗೆ ಸ್ವಾತಂತ್ರ್ಯ ಬೇಕೆಂದು ಹೊರಟ ಪಕ್ಷದೊಳಗೆ ಜಗಳಕ್ಕೆ ಕಾರಣವೇ ಇರಲಾರದೆಂದು ಮೇಲುನೋಟಕ್ಕೆ ತೋರುತ್ತದೆ. ಬೇಕಾದುದು ಒಂದೇ, ಅದೇನೆಂಬುದನ್ನು ಎಲ್ಲರೂ ಬಲ್ಲರು, ಅದು ಕೈಗೆ ಬರುವ ತನಕ ಉಳಿದ ಮಾತನ್ನೆಲ್ಲ ಬದಿಗಿಟ್ಟು ಕೂಡಿ ನಡೆಯಬಹುದು. ದಿಬ್ಬಣದ ಬಂಡಿಯಲ್ಲಿ ಕುಳಿತವರು ದಾರಿಯಲ್ಲಿ ಆಸ್ತಿಪಾಲಿನ ಮಾತೆತ್ತುವುದಿಲ್ಲವಷ್ಟೆ. ಆದರೆ ಆ ದಾರಿಗೆ ಯುದ್ಧವೊಂದು ಅಡ್ಡ ಬಂದಿತೆಂದರೆ ಬಂಡಿಯಲ್ಲಿದ್ದವರು ಒಬ್ಬರ ಮುಖವನ್ನೊಬ್ಬರು ನೋಡಬೇಕಾಗುತ್ತದೆ. ನಾಳೆ ಸ್ವತಂತ್ರವಾಗಬೇಕಾದ ನಾಡಿನ ಹೆಸರಿನಲ್ಲಿ ಇಂದೇ ಇನ್ನೊಬ್ಬರೊಡನೆ ಶಸ್ತ್ರದ ಗೆಳೆತನಕ್ಕೆ ಮಾತು ಕೊಡಬಹುದೆ? ಕೊಡಬಹುದಾದರೆ ಯಾವ ಕಟ್ಟಳೆಯ ಮೇಲೆ? ತನ್ನ ಮನಸ್ಸಾಕ್ಷಿ ಒಪ್ಪದೆಂಬವನು ಪಕ್ಷದಲ್ಲಿ ಉಳಿಯಬೇಕೆ, ಹೊರಡಬೇಕೆ? ಈ ಪ್ರಶ್ನೆಗಳು ನಮ್ಮ ದೇಶದ ಕಾಂಗ್ರೆಸ್ಸನ್ನು 1939ರಿಂದ 1942ರ ವರೆಗೆ ಕಾಡಿದವು. ಇಂದಿನ ಓದುಗರಿಗೆ 1942ರ ಕೊನೆಯ ಅಂಕ ಗೊತ್ತು. ಅದಕ್ಕೆ ಮೊದಲು ಆ ಮನೆಯೊಳಗೆ ನಡೆದ ವಾದವು ಅಷ್ಟಾಗಿ ನೆನಪಿಲ್ಲ. ನೀತಿಯ ದೃಷ್ಟಿಯಿಂದ ನೋಡಿದರೆ ನನಗೆ ಆ ವಾದವೇ ಹೆಚ್ಚು ಬೆಲೆಯುಳ್ಳದ್ದಾಗಿ ಕಾಣುತ್ತದೆ.

ಕಥೆಯ ಮೊದಲ ಎಳೆ ನಮ್ಮ ಊರಿಗೂ ತಾಕುತ್ತದೆ. 1918ರ ಮೇ ತಿಂಗಳಲ್ಲಿ ಮುಂಬಯಿ ಪ್ರಾಂತಿಕ ಪರಿಷತ್ತು ಆಗಿನ ವಿಜಾಪುರದಲ್ಲಿ ನೆರೆದಾಗ ಗಾಂಧೀಜಿ ಇಲ್ಲಿಗೆ ಬಂದಿದ್ದರು. ಅದಕ್ಕೆ ಕೆಲವೇ ದಿನ ಮೊದಲು, ಏಪ್ರಿಲ್ ಕೊನೆಯಲ್ಲಿ, ದೆಹಲಿಯಲ್ಲಿ ವೈಸರಾಯರು ಕರೆದ ಯುದ್ಧ ಪರಿಷತ್ತಿಗೆ ಹೋಗಿ ಸೈನ್ಯಭರ್ತಿಯ ಠರಾವಿಗೆ ತಮ್ಮ ಬೆಂಬಲವನ್ನು ಹಿಂದಿಯಲ್ಲಿ ಒಂದೇ ವಾಕ್ಯದಲ್ಲಿ ಹೇಳಿ ಬಂದಿದ್ದರು. ಆ ಬೇಸಿಗೆ ಮುಗಿಯುವಷ್ಟರಲ್ಲಿ ಖೇಡಾ ಜಿಲ್ಲೆಯ ಹಳ್ಳಿಹಳ್ಳಿ ನಡೆದು ಸೈನ್ಯಕ್ಕೆ ಸೇರಿರೆಂದು ಜನರನ್ನು ಕೇಳತೊಡಗಿದರು. ಕರನಿರಾಕರಣೆಯ ಕಾಲಕ್ಕೆ ಬಂಡಿಯನ್ನು ಬಿಟ್ಟಿ ಕೊಟ್ಟಿದ್ದ ರೈತರು ಈಗ ಬಾಡಿಗೆಗೂ ಕೊಡಲಿಲ್ಲವೆಂದು ಅವರೇ ತಮ್ಮ ಆತ್ಮಕಥೆಯಲ್ಲಿ ಬರೆದಿದ್ದಾರೆ. ಅಹಿಂಸೆಯನ್ನು ಬೋಧಿಸಿದವರು ಕೋವಿ ಹಿಡಿಯೆನ್ನುವುದು ಹೇಗೆಂದು ಆ ರೈತರು ಕೇಳಿದರು. ಸಾಮ್ರಾಜ್ಯದಲ್ಲಿ ಸರಿಪಾಲು ಬೇಕೆಂಬವನು ಅದರ ರಕ್ಷಣೆಯ ಭಾರದಲ್ಲಿಯೂ ಪಾಲು ಹೊರಬೇಕೆಂಬುದು ಗಾಂಧೀಜಿಯವರ ಆಗಿನ ಸಮಾಧಾನ. ಅದಕ್ಕೆ ಅವರು ಯಾವ ಷರತ್ತನ್ನೂ ಹಾಕಲಿಲ್ಲ.

ಷರತ್ತು ಹಾಕಿದವರು ಲೋಕಮಾನ್ಯ ತಿಲಕರು. ಅದೇ ವರ್ಷದ ಜೂನ್ 10ರಂದು ಮುಂಬಯಿಯಲ್ಲಿ ಗವರ್ನರ್ ವಿಲಿಂಗ್ಡನ್ನರು ಕರೆದ ಯುದ್ಧ ಪರಿಷತ್ತಿನಲ್ಲಿ ತಿಲಕರು ಸ್ವರಾಜ್ಯದ ಮಾತನ್ನು ಕೂಡಿಸಿ ಮಾತನಾಡತೊಡಗಿದಾಗ ಗವರ್ನರರು ತಡೆದರು. ತಿಲಕರು ಸಭೆಯಿಂದ ಹೊರನಡೆದರು. ಮನೆ ಕಾಯಲು ನಾವು ಸಿದ್ಧ, ಆದರೆ ಮನೆ ನಮ್ಮದೆಂದು ಮೊದಲು ಒಪ್ಪಿರಿ ಎಂಬುದು ಅವರ ವಾದದ ತಿರುಳು. ವಿಚಿತ್ರವೆಂದರೆ, ಇಪ್ಪತ್ತೆರಡು ವರ್ಷಗಳ ಮೇಲೆ ಇದೇ ವಾದವನ್ನು ಕಾಂಗ್ರೆಸ್ಸಿನ ಬಹುಮತವು ಗಾಂಧೀಜಿಯವರ ಎದುರಿಗೇ ಹಿಡಿಯಬೇಕಾಯಿತು.

1939ರ ಸೆಪ್ಟೆಂಬರ್ 3ರಂದು ವೈಸರಾಯ್ ಲಿನ್ಲಿತ್‌ಗೋ ಭಾರತವೂ ಯುದ್ಧದಲ್ಲಿದೆಯೆಂದು ಸಾರಿದರು. ಹನ್ನೊಂದು ಪ್ರಾಂತಗಳಲ್ಲಿ ಎಂಟರಲ್ಲಿ ಕಾಂಗ್ರೆಸ್ಸಿನ ಮಂತ್ರಿಮಂಡಲಗಳಿದ್ದವು. ಅವರಲ್ಲಿ ಒಬ್ಬರನ್ನೂ ಕೇಳಲಿಲ್ಲ. ಸೆಪ್ಟೆಂಬರ್ 14ರಂದು ವಾರ್ಧಾದಲ್ಲಿ ಕಾರ್ಯಕಾರಿ ಸಮಿತಿಯು, ಈ ಯುದ್ಧದ ಉದ್ದೇಶವೇನು, ಪ್ರಜಾಪ್ರಭುತ್ವಕ್ಕಾಗಿ ಹೋರಾಡುತ್ತೇವೆಂಬವರು ಭಾರತಕ್ಕೆ ಆ ಪ್ರಜಾಪ್ರಭುತ್ವವನ್ನು ಕೊಡುವರೋ ಇಲ್ಲವೋ ಸ್ಪಷ್ಟಪಡಿಸಲಿ ಎಂದು ಕೇಳಿತು. ಆ ಹೇಳಿಕೆಯನ್ನು ಬರೆದವರು ನೆಹರೂ. ಬ್ರಿಟಿಷರಿಗೆ ಕೊಡುವ ಬೆಂಬಲ ಏನೇ ಇರಲಿ, ಅದನ್ನು ಷರತ್ತಿಲ್ಲದೆ, ಅಹಿಂಸೆಯ ಮೇರೆಯೊಳಗೆ ಕೊಡಬೇಕೆಂಬ ಮತದಲ್ಲಿ ಗಾಂಧೀಜಿ ಒಬ್ಬರೇ ಉಳಿದರು. ಉತ್ತರ ಬಾರದಿದ್ದಾಗ ಎಂಟೂ ಪ್ರಾಂತಗಳ ಮಂತ್ರಿಮಂಡಲಗಳು ರಾಜೀನಾಮೆಯಿತ್ತವು. ನಮ್ಮ ಜಿಲ್ಲೆಯು ಸೇರಿದ್ದ ಮುಂಬಯಿ ಪ್ರಾಂತದ ಖೇರರ ಮಂತ್ರಿಮಂಡಲವೂ ನವೆಂಬರಿನಲ್ಲಿ ಇಳಿಯಿತು.

ನಿಜವಾದ ಬಿರುಕು ಕಂಡುದು 1940ರ ಜೂನಿನಲ್ಲಿ ಫ್ರಾನ್ಸ್ ಬಿದ್ದ ಮೇಲೆ. ಇಂಗ್ಲೆಂಡೇ ಉಳಿಯುವುದೋ ಇಲ್ಲವೋ ಎಂಬ ಹೊತ್ತು ಅದು. ವಾರ್ಧಾದಲ್ಲಿ ಸಮಿತಿ ಕೂಡಿದಾಗ ಗಾಂಧೀಜಿ ನೇರವಾಗಿ ಕೇಳಿದರು: ಸ್ವತಂತ್ರ ಭಾರತವು ಹೊರಗಿನ ದಾಳಿಯನ್ನೂ ಅಹಿಂಸೆಯಿಂದಲೇ ಎದುರಿಸುವುದೆಂದು ಕಾಂಗ್ರೆಸ್ಸು ಸಾರಬಲ್ಲುದೆ? ಸಮಿತಿಗೆ ಹೌದೆನ್ನಲಾಗಲಿಲ್ಲ. ಸ್ವಾತಂತ್ರ್ಯದ ಹೋರಾಟಕ್ಕೆ ಅಹಿಂಸೆ ಸರಿ, ನಾಡಿನ ರಕ್ಷಣೆಗೆ ಅಷ್ಟು ದೂರ ಬರಲಾರೆವು ಎಂದು ಒಪ್ಪಿಕೊಂಡು, ತನ್ನ ನಡೆಯ ಹೊಣೆಯಿಂದ ಗಾಂಧೀಜಿಯವರನ್ನು ಮುಕ್ತಗೊಳಿಸಿತು. ಜುಲೈ ಮೊದಲ ವಾರ ದೆಹಲಿಯಲ್ಲಿ ರಾಜಾಜಿ ತಮ್ಮ ಠರಾವನ್ನು ಮುಂದಿಟ್ಟರು. ಭಾರತದ ಪೂರ್ಣ ಸ್ವಾತಂತ್ರ್ಯವನ್ನು ಒಪ್ಪಿ, ಕೇಂದ್ರದಲ್ಲಿ ತತ್‌ಕ್ಷಣ ರಾಷ್ಟ್ರೀಯ ಸರಕಾರವನ್ನು ಸ್ಥಾಪಿಸಿದರೆ ಕಾಂಗ್ರೆಸ್ಸು ದೇಶರಕ್ಷಣೆಗೆ ತನ್ನ ಪೂರ್ಣ ಬಲವನ್ನು ಕೊಡುವುದೆಂಬುದು ಅದರ ಸಾರ. ಸರ್ದಾರ್ ಪಟೇಲರು ರಾಜಾಜಿಯವರ ಕಡೆಗೆ ಒಲಿದರು. ಖಾನ್ ಅಬ್ದುಲ್ ಗಫಾರ್ ಖಾನರು, ತಮ್ಮ ಖುದಾಯಿ ಖಿದ್ಮತ್‌ಗಾರರಿಗೆ ಅಹಿಂಸೆಯ ಪ್ರತಿಜ್ಞೆಯನ್ನು ಬೋಧಿಸಿದ ಆ ಪಠಾಣ, ಸಮಿತಿಯನ್ನು ಬಿಟ್ಟು ಹೊರಟರು. ಜುಲೈ 28ರಂದು ಪುಣೆಯಲ್ಲಿ ಅಖಿಲ ಭಾರತ ಸಮಿತಿಯ ಮುಂದೆ ಠರಾವು ಬಂದಾಗ 95 ಜನ ಪರ, 47 ಜನ ವಿರೋಧ.

ಇಲ್ಲಿ ಯಾರು ಸರಿಯೆಂದು ಕೇಳುವ ಮೊದಲು ಪ್ರತಿಯೊಬ್ಬರ ವಾದವನ್ನು ಅದರ ಗಟ್ಟಿ ರೂಪದಲ್ಲಿ ನೋಡುವುದು ನ್ಯಾಯ.

ಗಾಂಧೀಜಿಯವರದು ಸಾಧನದ ವಾದ. ಇಪ್ಪತ್ತು ವರ್ಷ ಲಕ್ಷಾಂತರ ಜನರಿಗೆ ಬರಿಗೈಯಿಂದ ಲಾಠಿಯ ಮುಂದೆ ನಿಲ್ಲಿರೆಂದು ಹೇಳಿ, ಅಧಿಕಾರ ಕೈಗೆ ಬರುವ ಸೂಚನೆ ಕಂಡೊಡನೆ ತುಪಾಕಿ ಎತ್ತಿದರೆ ಆ ಅಹಿಂಸೆಯು ಕೈಲಾಗದವರ ಉಪಾಯವಾಗಿತ್ತೆಂದು ನಾವೇ ಒಪ್ಪಿದಂತಾಗುವುದಿಲ್ಲವೆ? ಮೌಲಾನಾ ಆಜಾದರದು ಸಂಸ್ಥೆಯ ವಾದ. ಕಾಂಗ್ರೆಸ್ಸು ಹುಟ್ಟಿದ್ದು ಜಗತ್ತಿನಲ್ಲಿ ಶಾಂತಿಯನ್ನು ಸ್ಥಾಪಿಸಲಿಕ್ಕಲ್ಲ, ಭಾರತಕ್ಕೆ ಸ್ವಾತಂತ್ರ್ಯವನ್ನು ತರಲಿಕ್ಕೆ. ಅಹಿಂಸೆಯನ್ನು ಅದು ಧರ್ಮವೆಂದಲ್ಲ, ನೀತಿಯೆಂದು ಒಪ್ಪಿತ್ತು ಎಂದು ಅವರು ಹೇಳುತ್ತಿದ್ದರು. ರಾಜಾಜಿಯವರದು ರಾಜ್ಯಭಾರದ ವಾದ. ನಾಳೆ ಸರಕಾರ ನಡೆಸಬೇಕೆಂಬವನು ಇಂದು ರಕ್ಷಣೆಯ ಪ್ರಶ್ನೆಗೆ ಉತ್ತರವಿಲ್ಲದೆ ನಿಂತರೆ ಯಾರು ನಂಬುತ್ತಾರೆ? ನೆಹರೂ ಅವರ ಮನಸ್ಸು ಎರಡು ಕಡೆಗೂ ಎಳೆಯುತ್ತಿತ್ತು. ಹಿಟ್ಲರನು ಗೆಲ್ಲಬಾರದೆಂದು ಅವರಷ್ಟು ತೀವ್ರವಾಗಿ ಬಯಸಿದವರು ಕಡಿಮೆ. ಗುಲಾಮನಾಗಿ ಸ್ವಾತಂತ್ರ್ಯದ ಯುದ್ಧವನ್ನು ಹೋರಾಡುವುದೆಂತು ಎಂಬ ನಾಚಿಕೆಯೂ ಅವರಿಗೆ ಅಷ್ಟೇ ತೀವ್ರವಾಗಿತ್ತು.

ಸುಭಾಷರು ಆ ಹೊತ್ತಿಗೆ ಪಕ್ಷದ ಚೌಕಟ್ಟಿನ ಹೊರಗಿದ್ದರು. 1939ರ ಜನವರಿಯಲ್ಲಿ 1580 ಮತಗಳಿಂದ, ಎದುರಾಳಿಗೆ 1377 ಬಿದ್ದಿರಲು, ಅಧ್ಯಕ್ಷರಾಗಿ ಗೆದ್ದವರು ಏಪ್ರಿಲಿನಲ್ಲಿ ರಾಜೀನಾಮೆಯಿತ್ತು ಮೇ ತಿಂಗಳಲ್ಲಿ ಫಾರ್ವರ್ಡ್ ಬ್ಲಾಕನ್ನು ಕಟ್ಟಿದ್ದರು. ಶತ್ರುವಿನ ಕಷ್ಟವೇ ನಮ್ಮ ಸುಗ್ಗಿ ಎಂಬುದು ಅವರ ವಾದ. ಅದು ಅವರನ್ನು 1941ರಲ್ಲಿ ಬರ್ಲಿನ್ನಿಗೂ 1943ರಲ್ಲಿ ಸಿಂಗಪುರಕ್ಕೂ ಕರೆದೊಯ್ದಿತು. ಅದೂ ಒಂದು ಸೈನಿಕ ಮೈತ್ರಿಯೇ. ಕೂಡಿದ್ದು ಮಾತ್ರ ಇನ್ನೊಂದು ಪಾಳೆಯದೊಡನೆ.

ಈ ವಾದಗಳ ತೂಕ ನೋಡಲು ಒಕ್ಕಲುತನದ ಒಂದು ಮಾತು ನನಗೆ ನೆರವಾಗುತ್ತದೆ. ನಮ್ಮ ತಿಕೋಟ, ಬಬಲೇಶ್ವರದ ಕಡೆಯ ರೈತರಿಗೆ ಮುಯ್ಯಾಳು ಎಂದರೇನೆಂದು ಹೇಳಬೇಕಾಗಿಲ್ಲ. ಇಂದು ನಿನ್ನ ಹೊಲಕ್ಕೆ ನಾನು, ನಾಳೆ ನನ್ನ ಹೊಲಕ್ಕೆ ನೀನು. ಜೀತದಾಳೂ ಅದೇ ಹೊಲದಲ್ಲಿ ಅದೇ ಕುಡುಗೋಲು ಹಿಡಿದು ಅದೇ ಬಿಸಿಲಿನಲ್ಲಿ ದುಡಿಯುತ್ತಾನೆ. ದೂರದಿಂದ ನೋಡಿದವನಿಗೆ ಇಬ್ಬರಲ್ಲಿ ಭೇದ ಕಾಣದು. ಭೇದವಿರುವುದು ನಾಳೆಯಲ್ಲಿ. ಮುಯ್ಯಾಳಿಗೆ ತನ್ನದೊಂದು ಹೊಲವುಂಟು, ಬಾರೆನೆಂದು ಹೇಳುವ ಬಾಯಿಯುಂಟು. ಜೀತದಾಳು ಎಷ್ಟೇ ಮನಃಪೂರ್ವಕವಾಗಿ ದುಡಿದರೂ ಅದು ಮುಯ್ಯಿ ಆಗದು. ದೇಶಗಳ ನಡುವಿನ ಮೈತ್ರಿಗೂ ಇದೇ ಅಳತೆ. ಇಲ್ಲ ಎನ್ನಬಲ್ಲವನು ಹೌದೆಂದಾಗ ಮಾತ್ರ ಅದು ಮೈತ್ರಿ. ಪುಣೆಯ ಠರಾವಿನಲ್ಲಿ ಮೊದಲು ಸ್ವಾತಂತ್ರ್ಯ, ಆಮೇಲೆ ಯುದ್ಧ ಎಂದು ಬರೆದುದು ಚೌಕಾಸಿಯೆಂದು ಕೆಲವರು ಹೀಗಳೆದರು. ನನಗೆ ಹಾಗೆ ತೋರುವುದಿಲ್ಲ. ಆ ಕ್ರಮವಿಲ್ಲದೆ ಕೊಟ್ಟ ಮಾತಿಗೆ ಮಾತೆಂಬ ಹೆಸರೇ ಸಲ್ಲದು, ಅದು ಆಜ್ಞಾಪಾಲನೆ.

ಈ ಅಳತೆಗೆ ಚರಿತ್ರೆಯೇ ಒಂದು ಪರೀಕ್ಷೆಯನ್ನು ಒದಗಿಸಿತು. ಪುಣೆಯ ಮಾತಿಗೆ ವೈಸರಾಯರು 1940ರ ಆಗಸ್ಟ್ 8ರಂದು ಕೊಟ್ಟ ಉತ್ತರದಲ್ಲಿ ರಾಷ್ಟ್ರೀಯ ಸರಕಾರದ ಸುದ್ದಿಯಿರಲಿಲ್ಲ. ಕಾಂಗ್ರೆಸ್ಸು ಸೆಪ್ಟೆಂಬರಿನಲ್ಲಿ ಮುಂಬಯಿಯಲ್ಲಿ ಕೂಡಿ ಮತ್ತೆ ಗಾಂಧೀಜಿಯವರ ಕೈಗೆ ಬಂದಿತು. ಅಕ್ಟೋಬರ್ 17ರಂದು ವಿನೋಬಾ ವೈಯಕ್ತಿಕ ಸತ್ಯಾಗ್ರಹವನ್ನು ತೊಡಗಿದರು. ಅನಂತರ ಜಪಾನು ಯುದ್ಧಕ್ಕಿಳಿಯಿತು. 1942ರ ಫೆಬ್ರವರಿಯಲ್ಲಿ ಸಿಂಗಪುರ, ಮಾರ್ಚಿನಲ್ಲಿ ರಂಗೂನು ಬಿದ್ದವು. ಮಾರ್ಚ್ ಕೊನೆಯಲ್ಲಿ ಸರ್ ಸ್ಟಾಫರ್ಡ್ ಕ್ರಿಪ್ಸ್ ಬಂದರು. ಮಾತುಕತೆ ಮುರಿಯಲು ಕಾರಣಗಳು ಹಲವು. ಅವುಗಳಲ್ಲಿ ಮುಖ್ಯವಾದುದು ರಕ್ಷಣಾ ಖಾತೆ. ಯುದ್ಧವೆಲ್ಲ ಬ್ರಿಟಿಷ್ ಸೇನಾಪತಿಯ ಕೈಯಲ್ಲಿರಲಿ, ಭಾರತೀಯ ರಕ್ಷಣಾ ಸದಸ್ಯನೊಬ್ಬನೂ ಇರಲಿ ಎಂದರು. ಅವನಿಗೆ ಬಿಟ್ಟುಕೊಡುವ ಕೆಲಸಗಳ ಪಟ್ಟಿಯೂ ಬಂದಿತು: ಸೈನಿಕರ ಕ್ಯಾಂಟೀನು, ಸೈನ್ಯದ ಲೇಖನ ಸಾಮಗ್ರಿ ಮತ್ತು ಮುದ್ರಣ, ಪೆಟ್ರೋಲಿನ ವ್ಯವಸ್ಥೆ, ಪ್ರಚಾರ, ಯುದ್ಧ ಮುಗಿದ ಮೇಲೆ ಸೈನಿಕರನ್ನು ಮನೆಗೆ ಕಳಿಸುವುದು. ಹಗೆ ಬಾಗಿಲಲ್ಲಿ ನಿಂತಿರುವಾಗ ಮನೆಯ ಯಜಮಾನನ ಕೈಗೆ ಕಾಗದ, ಮಸಿಕುಡಿಕೆ ಕೊಟ್ಟು ನೀನೂ ಕಾವಲುಗಾರನೇ ಎಂದಂತಾಯಿತು. ಮುಯ್ಯಾಳಿನ ಹೆಸರಿನಲ್ಲಿ ಜೀತವನ್ನು ಕೇಳಿದುದು ಇಲ್ಲಿ ಬಯಲಾಗುತ್ತದೆ.

ಇಂಥ ಮೈತ್ರಿಯ ರುಚಿ ದಕ್ಷಿಣಕ್ಕೆ ಹೊಸದಲ್ಲ. ವೆಲ್ಲೆಸ್ಲಿಯ ಸಹಾಯಕ ಸೈನ್ಯದ ಒಪ್ಪಂದಕ್ಕೆ 1798ರಲ್ಲಿ ನಿಜಾಮನು ಕೈಯೊತ್ತಿದನು. 1802ರ ಕೊನೆಯ ದಿನ ವಸಯಿಯಲ್ಲಿ ಪೇಶ್ವೆ ಎರಡನೆಯ ಬಾಜೀರಾಯನು ಒತ್ತಿದನು. ನಿನ್ನ ರಾಜ್ಯವನ್ನು ನಮ್ಮ ಸೈನ್ಯ ಕಾಯುವುದು, ಖರ್ಚು ನಿನ್ನದು, ಹೊರಗಿನವರೊಡನೆ ಮಾತು ನಮ್ಮದು ಎಂಬುದು ಅದರ ಕಟ್ಟಳೆ. ವಿಜಾಪುರವಿದ್ದದ್ದು ಆ ಪೇಶ್ವೆಯ ರಾಜ್ಯದಲ್ಲಿಯೇ. ಹದಿನಾರು ವರ್ಷಕ್ಕೆ, 1818ರಲ್ಲಿ, ಆ ರಾಜ್ಯವೇ ಇಲ್ಲವಾಯಿತು.

ಹಾಗೆಂದು ಸರಿಸಮಾನರ ಮೈತ್ರಿಯಾದರೆ ಎಲ್ಲವೂ ಕುಶಲವೆನ್ನುವಂತಿಲ್ಲ. 1565ರ ಜನವರಿಯಲ್ಲಿ ವಿಜಯನಗರದ ಮೇಲೆ ಹೋದ ನಾಲ್ವರು ಸುಲ್ತಾನರೂ ಸ್ವತಂತ್ರರೇ. ಅವರಲ್ಲಿ ನಮ್ಮ ಊರಿನ ಅಲಿ ಆದಿಲಶಾಹನು ಕೆಲವೇ ವರ್ಷಗಳ ಹಿಂದೆ ಅಳಿಯ ರಾಮರಾಯನ ಜೊತೆಗೂಡಿ ಅಹಮದನಗರದ ಮೇಲೆ ಹೋಗಿದ್ದವನು. ಈಗ ಅಹಮದನಗರದ ಚಾಂದಬೀಬಿಯನ್ನು ಮದುವೆಯಾಗಿ ರಾಮರಾಯನ ಮೇಲೆ ಹೋದನು. ಗೆದ್ದರು. ಹಂಪೆ ಹಾಳಾಯಿತು. ಸಮಾನ ಭಯವು ಕಟ್ಟಿದ ಕೂಟವು ಭಯ ಹೋದೊಡನೆ ಸಡಿಲಿತು. 1686ರಲ್ಲಿ ಔರಂಗಜೇಬನು ವಿಜಾಪುರವನ್ನು ಮುತ್ತಿ ಹಿಡಿದಾಗ ಕೂಡಿ ನಿಲ್ಲುವ ಬಲ ದಕ್ಷಿಣದಲ್ಲಿ ಉಳಿದಿರಲಿಲ್ಲ. ನಮ್ಮ ಕೋಟೆಯ ಶೇರ್ಜಾ ಬುರುಜಿನ ಮೇಲಿರುವ ಮುಲ್ಕ್ ಮೈದಾನ ತೋಪನ್ನು ಎರಕ ಹೊಯ್ದದ್ದು 1549ರಲ್ಲಿ, ಅಹಮದನಗರದಲ್ಲಿ. ಜಲನಗರದ ನನ್ನ ಮನೆಗೆ ಬಂದ ನೆಂಟರನ್ನು ಅಲ್ಲಿಗೆ ಕರೆದೊಯ್ದಾಗಲೆಲ್ಲ ಇದನ್ನು ಹೇಳುತ್ತೇನೆ. ಒಬ್ಬರ ಮನೆಯಲ್ಲಿ ಹುಟ್ಟಿದ ತೋಪು ಇನ್ನೊಬ್ಬರ ಗೋಡೆಯ ಮೇಲೆ ಕುಳಿತಿದೆ. ಯಾರ ಕಡೆಗೆ ತಿರುಗಿಸಿದರೆ ಆ ಕಡೆಗೆ ಅದರ ಬಾಯಿ. ಸೈನಿಕ ಮೈತ್ರಿಗೆ ಒಪ್ಪುವವನು ಈ ಸಂಗತಿಯನ್ನು ಲೆಕ್ಕಕ್ಕೆ ಹಿಡಿಯಬೇಕು. ಗಾಂಧೀಜಿಯವರ ಅನುಮಾನಕ್ಕೆ ಇದು ಪುಷ್ಟಿ ಕೊಡುತ್ತದೆ: ಸ್ವತಂತ್ರರು ಕೂಡಿ ಮಾಡಿದ ಮಾತ್ರಕ್ಕೆ ಕೆಲಸ ಒಳ್ಳೆಯದಾಗುವುದಿಲ್ಲ.

ಹಿಂದೊಮ್ಮೆ ನಿಬಂಧದ ತಾಸಿನಲ್ಲಿ ಪುಣೆಯ ಈ ವಾದವನ್ನು ಹೇಳುತ್ತಿದ್ದೆ. ಬಬಲೇಶ್ವರದ ಕಡೆಯ ಹುಡುಗನೊಬ್ಬ, ಅಣ್ಣ ಸೈನ್ಯದಲ್ಲಿರುವವನು, ಎದ್ದು ನಿಂತು ಕೇಳಿದ: “ಸರ, ಗಾಂಧೀಜಿ ಬ್ಯಾಡ ಅಂದ್ರು, ರಾಜಾಜಿ ಬೇಕು ಅಂದ್ರು, ಅದು ತಿಳೀತ್ರಿ. ಆದ್ರ ಆಗ ಸೈನ್ಯಕ್ಕ ಹೋದಾವ್ರನ್ನ ಯಾರರೇ ಕೇಳಿದ್ರೇನ್ರಿ?” ತರಗತಿಯಲ್ಲಿ ಯಾರೂ ನಗಲಿಲ್ಲ. ಈ ಪ್ರಶ್ನೆಯನ್ನು ದಾಟಿ ಹೋಗುವ ಯಾವ ನೀತಿಚರ್ಚೆಯೂ ಪೂರ್ಣವಾಗದೆಂದು ನನ್ನ ನಂಬಿಕೆ.

ಪಕ್ಷವು ಮಂತ್ರಿಪದವಿ ಬಿಟ್ಟು, ಠರಾವು ಮಾಡಿ, ಸೆರೆಮನೆಗೆ ಹೋಗುತ್ತಿದ್ದ ಅವೇ ವರ್ಷಗಳಲ್ಲಿ ಭಾರತದ ಸೈನ್ಯವು ಸುಮಾರು 25 ಲಕ್ಷಕ್ಕೆ ಬೆಳೆಯಿತು. ಕಡ್ಡಾಯದ ಭರ್ತಿಯಲ್ಲ, ತಾವಾಗಿ ಹೋದವರು. ಕೆಲವರಿಗೆ ಮನೆತನದ ವೃತ್ತಿ, ಕೆಲವರಿಗೆ ಸಾಹಸದ ಆಸೆ, ಬಹಳ ಜನಕ್ಕೆ ತಿಂಗಳ ಸಂಬಳ. ಮಳೆ ನಂಬಲಾಗದ ಸೀಮೆಯವರಾದ ನಮಗೆ ಆ ಸಂಬಳದ ಅರ್ಥ ಬೇರೆಯವರು ಹೇಳಿಕೊಡಬೇಕಾಗಿಲ್ಲ. ಆಫ್ರಿಕದ ಮರಳಿನಲ್ಲಿ, ಇಟಲಿಯ ಗುಡ್ಡಗಳಲ್ಲಿ, ಬರ್ಮಾದ ಕಾಡಿನಲ್ಲಿ ಅವರಲ್ಲಿ ಹತ್ತಾರು ಸಾವಿರ ಜನ ಮಡಿದರು. ನಾಯಕರು ಷರತ್ತಿನ ಮಾತಾಡುತ್ತಿದ್ದ ಮೈತ್ರಿಯನ್ನು ಇವರು ಷರತ್ತಿಲ್ಲದೆ ದೇಹದಿಂದ ಪಾಲಿಸಿದ್ದರು. ಹಾಗಾದರೆ ಪುಣೆಯ ವಾದ ವ್ಯರ್ಥವೆ? ಅಲ್ಲ. ಆ ಹುಡುಗನ ಪ್ರಶ್ನೆಯೇ ಅದಕ್ಕೆ ಸಾಕ್ಷಿ. ಸೈನಿಕನನ್ನು ಯಾರೂ ಕೇಳದೆ ಇದ್ದಾಗಲೇ ಅವನ ಪರವಾಗಿ ಕೇಳುವ ಜನ ಬೇಕು: ಯಾರಿಗಾಗಿ, ಯಾವುದಕ್ಕಾಗಿ, ಯಾರ ಆಜ್ಞೆಯಲ್ಲಿ ಎಂದು. ರಾಷ್ಟ್ರೀಯ ಸರಕಾರ ಬೇಕೆಂಬ ಷರತ್ತಿನ ಮಾನವೀಯ ಅರ್ಥ ಇಷ್ಟೇ. ಕಳಿಸುವವನು ಕಳಿಸಲ್ಪಡುವವನಿಗೆ ಲೆಕ್ಕ ಕೊಡುವಂತಿರಬೇಕು. ಲಂಡನ್ನಿನಲ್ಲಿ ಕುಳಿತವರು ಖೇಡಾದ ರೈತನಿಗಾಗಲಿ ಬಬಲೇಶ್ವರದ ರೈತನಿಗಾಗಲಿ ಯಾವ ಲೆಕ್ಕವನ್ನೂ ಕೊಡಬೇಕಾಗಿರಲಿಲ್ಲ.

ಇನ್ನು ಮನಸ್ಸಾಕ್ಷಿಯ ಮಾತು. ವ್ರತವೆಂಬುದು ಒಬ್ಬನದು; ತನ್ನ ಉಪವಾಸವನ್ನು ನೆರೆಮನೆಯವನ ಹೊಟ್ಟೆಯ ಮೇಲೆ ಹೇರಲಾಗದು. ಕರಾರೆಂಬುದು ಹಲವರದು, ಅದರಲ್ಲಿ ಕೊಡುವುದು ಬಿಡುವುದು ಇರಲೇಬೇಕು. ಗಾಂಧೀಜಿಯವರ ಹಿರಿಮೆಯೆಂದರೆ ಈ ಭೇದವನ್ನು ತಾವೇ ಗುರುತಿಸಿದುದು. ತಮ್ಮ ವ್ರತವನ್ನು ಸಮಿತಿಯು ಹೊರಲಾರದೆಂದು ಕಂಡಾಗ ಅದನ್ನು ಬೈಯದೆ, ಬೆದರಿಸದೆ, ತಾವು ದಾರಿ ಬಿಟ್ಟುಕೊಟ್ಟರು. 1941ರ ಡಿಸೆಂಬರಿನಲ್ಲಿ ಬಾರ್ಡೋಲಿಯಲ್ಲಿ ಅದೇ ಪ್ರಶ್ನೆ ಮತ್ತೆ ಬಂದಾಗ ಮತ್ತೆ ಬಿಟ್ಟುಕೊಟ್ಟರು. ರಾಜಾಜಿಯವರ ನಡತೆಯೂ ಕಡಿಮೆಯದಲ್ಲ. ಪುಣೆಯಲ್ಲಿ ಗೆದ್ದ ತಮ್ಮ ಠರಾವು ಬ್ರಿಟಿಷರಿಂದಲೇ ಸೋತಾಗ, ವೈಯಕ್ತಿಕ ಸತ್ಯಾಗ್ರಹಕ್ಕೆ ಇಳಿದು 1940ರ ಡಿಸೆಂಬರಿನಲ್ಲಿ ಸೆರೆಮನೆಗೆ ಹೋದರು. 1942ರಲ್ಲಿ, ಮುಸ್ಲಿಂ ಲೀಗಿನ ಬೇಡಿಕೆಯನ್ನಾದರೂ ಒಪ್ಪಿ ರಾಷ್ಟ್ರೀಯ ಸರಕಾರವನ್ನು ಕಟ್ಟಿ ಜಪಾನನ್ನು ಎದುರಿಸಬೇಕೆಂದು ವಾದಿಸಿದಾಗ ಅಲಹಾಬಾದಿನ ಸಮಿತಿಯಲ್ಲಿ ಅವರ ಕಡೆ 15 ಮತ, ವಿರೋಧ 120. ಕಾರ್ಯಕಾರಿ ಸಮಿತಿಯನ್ನು ಬಿಟ್ಟರು, ಜುಲೈಯಲ್ಲಿ ಕಾಂಗ್ರೆಸ್ಸನ್ನೂ ಶಾಸನಸಭೆಯ ಸ್ಥಾನವನ್ನೂ ಬಿಟ್ಟರು. ಇಬ್ಬರೂ ಬೀಗರು, ರಾಜಾಜಿಯವರ ಮಗಳು ಲಕ್ಷ್ಮಿ ಗಾಂಧೀಜಿಯವರ ಮಗ ದೇವದಾಸರ ಕೈಹಿಡಿದು ಒಂಬತ್ತು ವರ್ಷವಾಗಿತ್ತು. ಬೀಗತನ ಮುರಿಯಲಿಲ್ಲ. ಗಾಂಧೀಜಿ ಜಿನ್ನಾ ಅವರೊಡನೆ 1944ರಲ್ಲಿ ಮಾತಿಗೆ ಕುಳಿತಾಗ ಮುಂದಿಟ್ಟುಕೊಂಡದ್ದು ರಾಜಾಜಿಯವರ ಸೂತ್ರವನ್ನೇ.

ಕೊನೆಗೆ ಆಗಸ್ಟ್ 8ರ ಠರಾವಿನಲ್ಲಿ ಏನಿತ್ತು? ಬ್ರಿಟಿಷರು ತೊಲಗಬೇಕೆಂಬುದನ್ನು ಎಲ್ಲರೂ ಬಲ್ಲರು. ಅದೇ ಠರಾವು, ಸ್ವತಂತ್ರ ಭಾರತದ ತಾತ್ಕಾಲಿಕ ಸರಕಾರವು ಮಿತ್ರರಾಷ್ಟ್ರಗಳೊಡನೆ ಕೂಡಿ, ತನ್ನ ಶಸ್ತ್ರಬಲ ಮತ್ತು ಅಹಿಂಸಾಬಲ ಎರಡರಿಂದಲೂ ದಾಳಿಯನ್ನು ಎದುರಿಸುವುದೆಂದೂ ಹೇಳಿತ್ತು. ಮಿತ್ರಸೈನ್ಯಗಳು ಸ್ವತಂತ್ರ ಭಾರತದ ಒಪ್ಪಿಗೆಯಿಂದ ಇಲ್ಲಿ ಉಳಿಯಬಹುದೆಂದು ಗಾಂಧೀಜಿಯೇ ಆ ಜೂನಿನಲ್ಲಿ ಹೇಳಿದ್ದರು. ಅಂದರೆ ರಾಜಾಜಿ ಹೊರಗಿದ್ದರು, ಅವರ ಪುಣೆಯ ಮಾತು ಒಳಗಿತ್ತು. ಒಂದೇ ವಾಕ್ಯದಲ್ಲಿ ಶಸ್ತ್ರಕ್ಕೂ ಅಹಿಂಸೆಗೂ ಜಾಗ ಮಾಡಿದ ಆ ಬರವಣಿಗೆಯನ್ನು ಕೆಲವರು ಎಡಬಿಡಂಗಿತನವೆಂದರು. ವ್ರತ ಹಿಡಿದವರೂ ಹಿಡಿಯದವರೂ ಒಂದೇ ನಾಡಿನಲ್ಲಿ ಬಾಳಬೇಕಾದಾಗ ಕರಾರು ಹಾಗೆಯೇ ಇರಬೇಕಾಗುತ್ತದೆಂದು ನಾನು ತಿಳಿಯುತ್ತೇನೆ. ಮರುದಿನ ಬೆಳಗಾಗುವಷ್ಟರಲ್ಲಿ ನಾಯಕರೆಲ್ಲ ಬಂಧನದಲ್ಲಿದ್ದರು. ಕರ್ನಾಟಕದಲ್ಲಿ ರಂಗನಾಥ ದಿವಾಕರರಂಥವರು ಭೂಗತರಾಗಿ ಚಳವಳಿ ನಡೆಸಿದರು. ಮೈಲಾರ ಮಹಾದೇವಪ್ಪನವರು 1943ರ ಏಪ್ರಿಲ್ 1ರಂದು ಹೊಸರಿತ್ತಿಯಲ್ಲಿ ಗುಂಡಿಗೆ ಬಲಿಯಾದರು.

ಈ ಪ್ರಶ್ನೆ ಸ್ವಾತಂತ್ರ್ಯದೊಡನೆ ಮುಗಿಯಲಿಲ್ಲ, ನಮ್ಮ ದೇಶಕ್ಕೇ ಮೀಸಲಾಗಿಯೂ ಉಳಿಯಲಿಲ್ಲ. ಸ್ಕಾಟ್ಲೆಂಡಿಗೆ ಸ್ವಾತಂತ್ರ್ಯ ಬೇಕೆಂಬ ಸ್ಕಾಟಿಷ್ ನ್ಯಾಷನಲ್ ಪಾರ್ಟಿಯು ಸುಮಾರು ಮೂವತ್ತು ವರ್ಷ ನೇಟೋ ಕೂಟವನ್ನು ಒಲ್ಲೆನೆನ್ನುತ್ತ ಬಂದಿತ್ತು. ಜನಮತಗಣನೆ ಹತ್ತಿರ ಬಂದಾಗ, 2012ರ ಅಕ್ಟೋಬರ್ 19ರಂದು ಪರ್ತ್ ಊರಿನ ಸಮ್ಮೇಳನದಲ್ಲಿ, ಅಣ್ವಸ್ತ್ರಗಳು ನಮ್ಮ ನೆಲದಲ್ಲಿರಬಾರದೆಂಬ ಷರತ್ತಿನ ಮೇಲೆ ಕೂಟದಲ್ಲಿ ಇರಬಹುದೆಂದು ಗೊತ್ತುಮಾಡಿತು. ಪರ 426, ವಿರೋಧ 332. ಕೆಲವೇ ದಿನಗಳಲ್ಲಿ ಇಬ್ಬರು ಶಾಸಕರು, ಜಾನ್ ಫಿನ್ನಿ ಮತ್ತು ಜೀನ್ ಅರ್ಕರ್ಟ್, ಪಕ್ಷ ಬಿಟ್ಟರು. ಸ್ವಾತಂತ್ರ್ಯದ ಪಕ್ಷಪಾತವನ್ನು ಬಿಡಲಿಲ್ಲ. 2014ರ ಜನಮತಗಣನೆಯಲ್ಲಿ ನೂರಕ್ಕೆ 55 ಜನ ಬೇಡವೆಂದರು. ಕೂಟದ ಪ್ರಶ್ನೆ ಕಾಗದದಲ್ಲಿಯೇ ಉಳಿಯಿತು. ಆದರೂ ಜನ ಮತ ಹಾಕುವ ಮೊದಲೇ, ಸ್ವತಂತ್ರರಾದ ಮೇಲೆ ನಿಮ್ಮ ಮಕ್ಕಳನ್ನು ಯಾರ ಜೊತೆ ನಿಲ್ಲಿಸುತ್ತೇವೆಂದು ಬಾಯಿ ಬಿಟ್ಟು ಹೇಳಿದುದು ಪ್ರಾಮಾಣಿಕತೆ. ಆ ಮಾತು ನಮಗೆ ಸಲ್ಲದೆಂದು ಇಬ್ಬರು ಸದ್ದಿಲ್ಲದೆ ಎದ್ದು ಹೋದುದೂ ಅಷ್ಟೇ ಪ್ರಾಮಾಣಿಕತೆ.

ರಾಜಾಜಿಯವರ ಕಥೆಗೆ ಇನ್ನೊಂದು ತಿರುವಿದೆ. 1959ರಲ್ಲಿ ಸ್ವತಂತ್ರ ಪಕ್ಷವನ್ನು ಕಟ್ಟಿ, ನೆಹರೂ ಅವರ ಅಲಿಪ್ತ ನೀತಿಯನ್ನು ಪ್ರಶ್ನಿಸಿದ ಅದೇ ಹಿರಿಯರು, 1962ರ ಸೆಪ್ಟೆಂಬರಿನಲ್ಲಿ ಅಣ್ವಸ್ತ್ರ ಪ್ರಯೋಗಗಳನ್ನು ನಿಲ್ಲಿಸಿರೆಂದು ಕೇಳಲು ಗಾಂಧಿ ಶಾಂತಿ ಪ್ರತಿಷ್ಠಾನದ ಪರವಾಗಿ ಅಮೆರಿಕಕ್ಕೆ ಹೋಗಿ ಅಧ್ಯಕ್ಷ ಕೆನೆಡಿಯನ್ನು ಕಂಡರು. ಜೊತೆಗೆ ಇದ್ದವರು ನಮ್ಮ ದಿವಾಕರರು ಮತ್ತು ಮಂಗಳೂರು ಮೂಲದ ಬಿ. ಶಿವರಾಯರು. ಆ ವರ್ಷದ ನವೆಂಬರಿನಲ್ಲಿ ಚೀನದ ಸೈನ್ಯ ಇಳಿದು ಬಂದಾಗ, ಕೂಟಗಳಿಂದ ದೂರವಿದ್ದ ನೆಹರೂ ಅವರೇ ಅದೇ ಕೆನೆಡಿಗೆ ವಿಮಾನಬಲದ ನೆರವು ಕೇಳಿ ಪತ್ರ ಬರೆಯಬೇಕಾಯಿತು. ಶಸ್ತ್ರಮೈತ್ರಿಯ ವಾದಿ ಶಾಂತಿದೂತನಾಗಿ ಹೋದನು, ಅಲಿಪ್ತತೆಯ ವಾದಿ ಶಸ್ತ್ರಕ್ಕಾಗಿ ಬರೆದನು. ಇದರಲ್ಲಿ ಇಬ್ಬರನ್ನೂ ಅಣಕಿಸುವಂಥದು ನನಗೇನೂ ಕಾಣುವುದಿಲ್ಲ. ರಾಜ್ಯದ ಹೊಣೆ ಹೊತ್ತವನ ಕರಾರು ಕಾಲಕ್ಕೆ ತಕ್ಕಂತೆ ಬಾಗಬೇಕಾದೀತು. ಒಬ್ಬ ಮನುಷ್ಯನ ಅಂತರಂಗವು ಅವನ ಪಕ್ಷದ ಠರಾವಿಗಿಂತ ಯಾವಾಗಲೂ ದೊಡ್ಡದು.

ಇಷ್ಟರಿಂದ ನಾನು ತಲುಪುವ ನಿರ್ಣಯ ಸರಳವಾದುದು. ಸ್ವಾತಂತ್ರ್ಯದ ಪಕ್ಷವು ತನ್ನ ಹಿರಿಯನೊಬ್ಬನ ವ್ರತವನ್ನು ಇಡೀ ನಾಡಿನ ಮೇಲೆ ಹೊರಿಸಬಾರದು. ಆ ವ್ರತಸ್ಥನನ್ನು ಹೇಡಿಯೆಂದಾಗಲಿ ದ್ರೋಹಿಯೆಂದಾಗಲಿ ಕರೆಯಲೂ ಬಾರದು. ಶಸ್ತ್ರದ ಗೆಳೆತನಕ್ಕೆ ಮಾತು ಕೊಡುವುದಾದರೆ ಬಾರೆನೆನ್ನುವ ಹಕ್ಕು ಕೈಯಲ್ಲಿ ಬಂದ ಮೇಲೆ ಕೊಡಬೇಕು, ಕೊಡುವೆವೆಂಬುದನ್ನು ಮಾತ್ರ ಮೊದಲೇ ಜನಕ್ಕೆ ಹೇಳಿರಬೇಕು. ಹೀಗೆ ಬರೆದರೆ ಎರಡು ಸಾಲಿಗೆ ಮುಗಿಯುತ್ತದೆ. ಆಚರಿಸುವುದು ಕಷ್ಟ. ಹಗೆ ಬಾಗಿಲಿಗೆ ಬಂದಾಗ ಕಾಯುವ ತಾಳ್ಮೆ ಇರುವುದಿಲ್ಲ. ಕಾಯದೆ ಹೋದರೆ ಮಾನ ಉಳಿಯುವುದಿಲ್ಲ. ಆ ಇಕ್ಕಟ್ಟಿನಲ್ಲಿ ನಿಂತವರನ್ನು ತೂಗಿ ನೋಡುವಾಗ ಗೆದ್ದ ಮತಗಳ ಎಣಿಕೆಯ ಜೊತೆಗೆ ಇನ್ನೊಂದನ್ನೂ ತಕ್ಕಡಿಗೆ ಹಾಕಬೇಕು: ಆ ಠರಾವಿನ ಕೊನೆಯಲ್ಲಿ ಕೋವಿ ಹಿಡಿದು ನಿಲ್ಲುವವನ ಮುಖವನ್ನು ಅವರು ಒಮ್ಮೆಯಾದರೂ ನೆನೆದಿದ್ದರೋ ಇಲ್ಲವೋ ಎಂಬುದನ್ನು.